ಏಳನೆಯ ಗುಡ್ಡ

ಅವನು ಸತ್ತ ಸುದ್ದಿ ಬಂದಾಗ ನಾನು ಹುರುಳಿಕಾಯಿ ಸೋಸುತ್ತಿದ್ದೆ. ಅಳಿಯ ಫೋನು ಕೆಳಗಿಟ್ಟು ಬಂದು ಹೇಳಿದ. ನಾನು ಸೋಸುವುದನ್ನು ನಿಲ್ಲಿಸಲಿಲ್ಲ. ಅರ್ಧ ಸೋಸಿದ ಕಾಯನ್ನು ಬಿಟ್ಟು ಎದ್ದು ಎಲ್ಲಿಗೆ ಹೋಗುವುದು? ಧಾರವಾಡದಲ್ಲಿ, ಅಕ್ಕನ ಮನೆಯಲ್ಲಿ, ಮೂರು ತಿಂಗಳು ಮಲಗಿದ್ದನಂತೆ. ಐವತ್ತೆರಡೋ ಐವತ್ತಮೂರೋ ಆಗಿದ್ದೀತು. ನನಗೆ ಎಂಬತ್ತು. ಹೋಗಬೇಕಾದವರು ಯಾರು, ಹೋದವರು ಯಾರು ಎಂದು ಒಂದು ಸಲ ಅನ್ನಿಸಿತು. ಆಮೇಲೆ ಒಗ್ಗರಣೆಗೆ ಎದ್ದೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಡೆಟ್ರಾಯಿಟ್ ಸುತ್ತಮುತ್ತಲಿನ ಹಳೆಯ ಕನ್ನಡದವರಿಗೆ ಹೆಸರು ಬೇಕಾಗಿಯೂ ಇಲ್ಲ. ಹಿಮ ಕಂಡು ಹೆದರಿ ಗುಡ್ಡದ ಬುಡದಿಂದ ಓಡಿಬಂದವನು ಎಂದರೆ ಸಾಕು, ಇವತ್ತಿಗೂ ನಗುತ್ತಾರೆ. ಆ ಮಾತನ್ನು ಹುಟ್ಟಿಸಿದವಳು ನಾನು. ಊಟದ ಮನೆಗಳಲ್ಲಿ, ಹಬ್ಬಗಳಲ್ಲಿ, ಜನ ಸೇರಿದ ಕಡೆಯಲ್ಲೆಲ್ಲ ಹೇಳಿ ನಗಿಸಿದ್ದೇನೆ. ಅದು ಸುಳ್ಳೆಂದು ನನಗೆ ಗೊತ್ತಾದದ್ದು ಅವನು ಸತ್ತ ಮೂರನೆಯ ದಿನ. ಅದನ್ನು ಸರಿಮಾಡುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಕಾಗುಣಿತ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ವಿಷಯ ತಿದ್ದುವುದು ಬೇಡ.

ಅವನು ನಮ್ಮ ಮನೆಗೆ ಮೊದಲು ಬಂದದ್ದು ಒಂದು ಜನವರಿಯಲ್ಲಿ. ಪ್ಲಿಮತ್‌ನಲ್ಲಿ ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಹಿಂದುಗಡೆ ಅಪಾರ್ಟ್‌ಮೆಂಟುಗಳಿವೆ. ಅಲ್ಲಿ ಒಬ್ಬನೇ ಇದ್ದ. ಅಲ್ಲಿಂದ ಅವನ ಆಫೀಸಿಗೆ ಎರಡೂವರೆ ಮೈಲಿ. ರಸ್ತೆಯ ಪಕ್ಕದಲ್ಲಿ ನಡೆಯುವ ಜಾಗವೇ ಇಲ್ಲ. ಮೊಣಕಾಲುದ್ದದ ಹಿಮದಲ್ಲಿ ಕಾಲು ಕಿತ್ತು ಇಟ್ಟು ಹೋಗುತ್ತಿದ್ದವನನ್ನು ನೋಡಿ, ಕಾರು ಕೆಟ್ಟಿರಬೇಕೆಂದು ನಮ್ಮ ಅಳಿಯ ನಿಲ್ಲಿಸಿದ. ಕನ್ನಡದವನೆಂದು ಗೊತ್ತಾದ ಮೇಲೆ ಸೀದಾ ಮನೆಗೆ ಕರೆತಂದ. ಮೂಗು ಕೆಂಪಗಾಗಿತ್ತು. ಹುಬ್ಬಿನ ಮೇಲೆ ಹಿಮ ಕೂತಿತ್ತು.

"ಕಾರು ಕೆಟ್ಟೋಯ್ತೇನಪ್ಪ?" ಎಂದೆ.

"ಇಲ್ರಿ ಅವ್ವಾರ, ಕಾರು ಚಲೋ ಐತ್ರಿ. ಮನೀ ಮುಂದ ನಿಂತೈತಿ."

"ಮತ್ತೆ ಈ ಚಳೀಲಿ ನಡಕೊಂಡು ಹೋಗೋ ಕರ್ಮ ಏನು?"

"ಕಾರಿನ ಸೀಟು ಮಾಡೂ ಕಂಪನಿರಿ ನಮ್ದು. ದಿನಾ ಎಂಟು ತಾಸು ಮಂದಿ ಹ್ಯಾಂಗ ಕುಂದ್ರಬೇಕಂತ ಬರೀತೀನಿ. ಒಬ್ಬನರ ನಡೀಬೇಕಲ್ರಿ."

ಸೀಟಿನ ಕೆಳಗೆ ಹಿಂದೆ ಮುಂದೆ ಜಾರುವ ಹಳಿ ಇರುತ್ತದಲ್ಲ, ಅದು ಅವನ ಕೆಲಸ. ಅಂಥ ಕೆಲಸದವನು ತಾನು ಮಾತ್ರ ಕೂರುತ್ತಿರಲಿಲ್ಲ. ನಮ್ಮ ಅಡಿಗೆಮನೆಯ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತೇ ಉಣ್ಣುತ್ತಿದ್ದ. ಬೇರೆಯವರು ಕೂರುವ ಮೊದಲು ಕುರ್ಚಿಯ ಬೆನ್ನನ್ನು ಎರಡು ಬೆರಳಲ್ಲಿ ತಳ್ಳಿ ನೋಡುತ್ತಿದ್ದ. ನನ್ನ ಕುರ್ಚಿ ಅಲ್ಲಾಡುತ್ತಿತ್ತು. ಏನೂ ಹೇಳದೆ ಸಿರಿಯಲ್ ಡಬ್ಬದ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಕಾಲಿನ ಕೆಳಗೆ ಇಟ್ಟ. ಆ ರಟ್ಟು ಈಗಲೂ ಅಲ್ಲೇ ಇದೆ. ಕುರ್ಚಿ ಅಲ್ಲಾಡುವುದಿಲ್ಲ.

ನಮಗೂ ಅವನಿಗೂ ಜಗಳವಾಗುತ್ತಿದ್ದದ್ದು ರೊಟ್ಟಿಗೆ. ನಾನು ಅಕ್ಕಿರೊಟ್ಟಿ ತಟ್ಟಿ ಹಾಕಿದರೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವನು.

"ಅವ್ವಾರ, ಇದು ರೊಟ್ಟಿ ಅಲ್ರಿ. ದ್ವಾಸಿ ಆಗಬೇಕಂತ ಮಾಡಿ, ಮನಸು ಬದಲಿ ಮಾಡೀರಿ."

"ತಿನ್ನೋದಾದ್ರೆ ತಿನ್ನು. ಇಲ್ದಿದ್ರೆ ತಟ್ಟೆ ಇತ್ತ ತಾ."

"ಸಿಟ್ಟಿಗೇಳಬ್ಯಾಡ್ರಿ. ಇನ್ನೊಂದು ಹಾಕ್ರಿ, ಪರೀಕ್ಷಾ ಮಾಡಿ ಹೇಳ್ತೀನಿ."

ಐದು ತಿಂದು, ಆರನೆಯದಕ್ಕೂ ಪರೀಕ್ಷೆ ಮುಗಿದಿರುತ್ತಿರಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ನಾನು ನೇರವಾಗಿ ಕೇಳಿದೆ. ಮಗಳು ನನ್ನ ಕಾಲು ತುಳಿದಳು. ಅವನು ಬೇಸರಪಡಲಿಲ್ಲ. "ನನ್ನ ಸಂಗಾಟ ಅಷ್ಟು ದೂರ ಯಾರು ನಡೀತಾರ್ರಿ?" ಎಂದ. ನಡೆಯುವವಳು ಯಾರಾದರೂ ಇದ್ದಳೋ, ನಡುವೆ ನಿಂತುಬಿಟ್ಟಳೋ, ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಒಂದು ದಿನ ಒಂದು ದೊಡ್ಡ ಹಾಳೆ ತಂದು ಊಟದ ಮೇಜಿನ ಮೇಲೆ ಹರಡಿದ. ಸೀಸದ ಕಡ್ಡಿಯಲ್ಲಿ, ಸ್ಕೇಲು ಇಟ್ಟು, ಅಳತೆ ಮಾಡಿ ಬರೆದದ್ದು. ನಡುವೆ ಅವರೆಕಾಳಿನ ಆಕಾರದ ಒಂದು ಕೆರೆ. ಸುತ್ತ ಏಳು ಗುಡ್ಡ. ಇಲ್ಲಿಂದ ಪಶ್ಚಿಮಕ್ಕೆ ಮೂರು ದಿನದ ದಾರಿಯಂತೆ. ಪ್ರತಿವರ್ಷ ಜುಲೈಯಲ್ಲಿ ಕಾರಿನ ಕಾರ್ಖಾನೆಗಳಿಗೆ ಎರಡು ವಾರ ಶಟ್‌ಡೌನ್ ಇರುತ್ತದೆ. ಆಗ ಎಲ್ಲರೂ ಊರಿಗೋ ನಯಾಗರಕ್ಕೋ ಹೋದರೆ ಇವನು ಒಬ್ಬನೇ ಡ್ರೈವ್ ಮಾಡಿಕೊಂಡು ಆ ಕೆರೆಗೆ ಹೋಗಿ ಒಂದು ಗುಡ್ಡ ಹತ್ತಿ ಬರುತ್ತಿದ್ದ. ವರ್ಷಕ್ಕೆ ಒಂದೇ. ಆರು ವರ್ಷದಲ್ಲಿ ಆರು ಮುಗಿದಿದ್ದವು. ಅವಕ್ಕೆ ಸರಕಾರದವರು ಇಟ್ಟ ಹೆಸರುಗಳು ಇದ್ದವಂತೆ. ಇವನು ತನ್ನದೇ ಹೆಸರು ಇಟ್ಟಿದ್ದ. ಬೆಲ್ಲದ ಅಚ್ಚು. ಮಲಗಿದ ಎಮ್ಮಿ. ಜೋಡಿ ಒಲಿ. ಹಲ್ಲು ಬಿದ್ದದ್ದು. ಮಾಸ್ತರ ಮೂಗು. ಆರನೆಯದರ ಹೆಸರು ಅಕ್ಕ. ಎಲ್ಲಿ ನಿಂತರೂ ಹಿಂದಿನಿಂದ ತನ್ನನ್ನೇ ನೋಡುತ್ತಿರುತ್ತದೆ, ಅದಕ್ಕೆ ಆ ಹೆಸರು ಎಂದ.

"ಏಳನೇದು?" ಎಂದೆ. ಅದರ ಕೆಳಗೆ ಖಾಲಿ ಇತ್ತು.

"ಹತ್ತಿಲ್ರಿ ಇನ್ನಾ. ಹತ್ತದ ಗುಡ್ಡಕ್ಕ ಹೆಸರು ಇಡಬಾರದು."

"ಬರೀ ಕಲ್ಲು ಹತ್ತಿ ಇಳಿಯೋಕೆ ಅಷ್ಟು ದೂರ ಹೋಗ್ತೀಯಾ?"

"ಒಂದೊಂದರ ಮ್ಯಾಲಿಂದ ಒಂದೊಂದು ಕೆರಿ ಕಾಣತೈತ್ರಿ. ನೀರು ಒಂದ, ಬಣ್ಣ ಬ್ಯಾರೆ. ಈ ಏಳನೇದು ಎಲ್ಲಾಕಿಂತ ಎತ್ತರ. ಅದರ ಮ್ಯಾಲ ನಿಂತರ ನಾ ಹತ್ತಿದ ಆರೂ ಒಮ್ಮೆಲೇ ಸಾಲಾಗಿ ಕಾಣ್ತಾವ. ಅದೊಂದು ನೋಡಿಬಿಟ್ಟರ ಆತ್ರಿ ನನ್ನ ಕೆಲಸ."

"ಹೋದ ಸಲವೇ ಎರಡೂ ಹತ್ತಿ ಮುಗಿಸಬಾರದಿತ್ತಾ?"

"ಯಾಕ ಗಡಿಬಿಡಿ? ಗುಡ್ಡ ಎಲ್ಲಿಗೂ ಹೋಗೂದಿಲ್ರಿ."

ಇದು ಅವನ ಮಾತು. ಯಾರು ಅವಸರ ಮಾಡಿದರೂ ಇದನ್ನೇ ಹೇಳುವನು. ಮೊಮ್ಮಗಳು ಸ್ಕೂಲ್ ಬಸ್ಸಿಗೆ ಓಡುವಾಗಲೂ ಹೇಳಿ ಅವಳಿಂದ ಬೈಸಿಕೊಂಡಿದ್ದ.

ಗೌರಿಹಬ್ಬದ ಒಂದು ಮಾತನ್ನು ಇಲ್ಲಿ ಹೇಳಬೇಕು. ನಮ್ಮ ಯಜಮಾನರು ಹೋದಾಗ ನನಗೆ ನಲವತ್ತೆರಡು. ನಂಜನಗೂಡಿನಲ್ಲಿ ಕಪಿಲೆ ತುಂಬಿದಾಗ ಹೆಂಗಸರೆಲ್ಲ ಹೊಳೆಗೆ ಬಾಗಿನ ಬಿಡುತ್ತಿದ್ದರು. ಅದುವರೆಗೆ ನಾನೂ ಬಿಡುತ್ತಿದ್ದೆ. ಆ ವರ್ಷದಿಂದ ಮೆಟ್ಟಿಲ ಮೇಲೆ ನಿಂತು ಎಲ್ಲರ ಚಪ್ಪಲಿ, ಚೀಲ ಕಾಯುವುದು ನನ್ನ ಪಾಲಿಗೆ ಬಂತು. ಯಾರೂ ಬೈದು ಹೇಳಲಿಲ್ಲ. ಚೀಲ ಕೈಗೆ ಕೊಟ್ಟರು, ಅಷ್ಟೇ. ಮೊರ ತುಂಬುವುದರಲ್ಲಿ ಮಾತ್ರ ನನ್ನ ಕೈ ಬೇಕಿತ್ತು. ಅಮೆರಿಕಕ್ಕೆ ಬಂದ ಮೇಲೂ ಅದೇ. ಮಗಳ ಗೆಳತಿಯರ ಬಾಗಿನವನ್ನೆಲ್ಲ ನಾನೇ ಜೋಡಿಸಿಕೊಡುತ್ತಿದ್ದೆ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಬೇಳೆ, ಬೆಲ್ಲ, ತೆಂಗಿನಕಾಯಿ. ಒಬ್ಬೊಬ್ಬರೂ ಬಂದು "ಥ್ಯಾಂಕ್ಯೂ ಆಂಟಿ" ಎಂದು ಎತ್ತಿಕೊಂಡು ಹಾಲಿಗೆ ಹೋಗುವರು. ನಾನು ಅಡಿಗೆಮನೆಯಲ್ಲೇ ಉಳಿಯುವುದು.

ಆ ವರ್ಷ ಅವನು ಫ್ರಿಜ್ಜಿಗೆ ಒರಗಿ ಹೋಳಿಗೆ ತಿನ್ನುತ್ತ ಎಲ್ಲ ನೋಡುತ್ತಿದ್ದ.

"ನಿಮ್ದು ಎಲ್ಲೈತ್ರಿ ಅವ್ವಾರ?"

"ನಂದು ಯಾಕೆ? ನಾನು ಕೊಡೋ ಹಾಗಿಲ್ಲ."

"ಯಾರು ಹೇಳಿದ್ರು?"

"ಬಾಯಿ ಮುಚ್ಕೊಂಡು ಹೋಳಿಗೆ ತಿನ್ನು."

ಮುಚ್ಚಿಕೊಂಡು ತಿಂದ. ಆಮೇಲೆ ಆ ಮಾತೆತ್ತಲಿಲ್ಲ.

ಮರುವರ್ಷ ರಿಸೆಶನ್ ಬಂತು. ನಮ್ಮ ಬೀದಿಯಲ್ಲೇ ಐದು ಮನೆಗಳ ಮುಂದೆ ಮಾರಾಟದ ಬೋರ್ಡು ನಿಂತಿತು. ಒಂದರಲ್ಲಿ ಜನವೇ ಇರಲಿಲ್ಲ, ಹುಲ್ಲು ಸೊಂಟದವರೆಗೆ ಬೆಳೆಯಿತು. ಹಬ್ಬದ ಊಟಕ್ಕೆ ಬರುತ್ತಿದ್ದವರು ಒಬ್ಬೊಬ್ಬರೇ ಟೆಕ್ಸಾಸ್‌ಗೆ, ಬೆಂಗಳೂರಿಗೆ ಹೋದರು. ಯಾರನ್ನೂ "ಆಫೀಸು ಹೇಗಿದೆ" ಎಂದು ಕೇಳಬಾರದೆಂದು ಮಗಳು ನನಗೆ ಹೇಳಿಕೊಟ್ಟಿದ್ದಳು. ಜೂನ್‌ನಲ್ಲಿ ಅವನು ಬಂದು ಎಂದಿನಂತೆ ನಿಂತು ಉಂಡ. ಎರಡೇ ರೊಟ್ಟಿ. ಕೈ ತೊಳೆದು ಹೇಳಿದ.

"ಜುಲೈ ಕಡೀಗೆ ನಂದು ಮುಗೀತ್ರಿ. ಕೆಲಸ ಹೋದ ಮ್ಯಾಲ ವೀಸಾನೂ ಹೋತು. ಊರಿಗೆ ಹೋಗ್ತೀನಿ."

ಅಳಿಯ ಏನೋ ಸಮಾಧಾನ ಹೇಳಿದ, ಬೇರೆ ಕಡೆ ಅಪ್ಲೈ ಮಾಡು ಎಂದ. ಅವನು ತಲೆಯಾಡಿಸಿದ. "ಅದಿರಲಿ. ಶಟ್‌ಡೌನ್ ಎರಡು ವಾರ ಅಂತೂ ನಂದೈತಿ. ಏಳನೇದು ಹತ್ತಿಬಿಡ್ತೀನಿ. ಈ ಸಲ ಬರ್ರಿ ಎಲ್ಲಾರೂ." ನನ್ನ ಕಡೆ ತಿರುಗಿ, "ಅವ್ವಾರ, ಆ ಕೆರಿ ನೋಡಿದರ ನೀವೂ ಎರಡು ನಿಮಿಷ ಸುಮ್ಮನಿರ್ತೀರಿ," ಎಂದ.

ಮಗಳಿಗೆ ಆಸ್ಪತ್ರೆಯ ಡ್ಯೂಟಿ ಇತ್ತು. ಅಳಿಯ, ಹನ್ನೊಂದು ವರ್ಷದ ಮೊಮ್ಮಗಳು, ಅಡಿಗೆಗೆ ನಾನು, ಹೀಗೆ ಹೊರಟೆವು. ಅಷ್ಟು ಎತ್ತರದಲ್ಲಿ ಅಕ್ಕಿ ಬೇಯುವುದಿಲ್ಲ, ಕುಕ್ಕರ್ ಇಟ್ಟುಕೊಳ್ಳಿ ಎಂದು ಅವನು ನಾಲ್ಕು ಸಲ ಫೋನು ಮಾಡಿದ.

ಷಿಕಾಗೋ ದಾಟುವಾಗ ಡೆವನ್ ಅವೆನ್ಯೂದಲ್ಲಿ, ನಮ್ಮ ದೇಶದವರ ಅಂಗಡಿಗಳ ಬೀದಿಯಲ್ಲಿ, ನಿಲ್ಲಿಸಲು ಹೇಳಿದೆ. ಕೊತ್ತಂಬರಿ ಸೊಪ್ಪು ಬೇಕು ಎಂದೆ. ಪಾರ್ಕಿಂಗ್ ಸಿಗದೆ ಅವರು ಸುತ್ತು ಹಾಕುತ್ತಿದ್ದರು. ನಾನು ಕೊತ್ತಂಬರಿಯ ಜೊತೆಗೆ ಒಂದು ಡಜನ್ ಹಸಿರು ಗಾಜಿನ ಬಳೆ, ಕರಿಮಣಿ, ಬಿಚ್ಚೋಲೆ, ಬಾಚಣಿಗೆ, ಪುಟ್ಟ ಕನ್ನಡಿ, ಬೆಲ್ಲ, ಕಾಯಿ, ಬಾಳೆಹಣ್ಣು ತೆಗೆದುಕೊಂಡೆ. ತುಂಬಿದ ಕೆರೆ ಎಂದು ಅವನು ಅಷ್ಟು ಸಲ ಹೇಳಿದ್ದ. ಅಲ್ಲಿ ಚೀಲ ಕೈಗೆ ಕೊಡುವವರು ಯಾರೂ ಇರುವುದಿಲ್ಲ ಎಂದು ನನಗೆ ಮನೆ ಬಿಡುವ ಮೊದಲೇ ಹೊಳೆದಿತ್ತು. ಅರಿಶಿನ ಕುಂಕುಮ ಮನೆಯಿಂದಲೇ ತಂದಿದ್ದೆ. ಮೊರ ಸಿಗಲಿಲ್ಲ. ಪಾರ್ಟಿಗೆ ಅನ್ನ ಒಯ್ಯುವ ಅಲ್ಯೂಮಿನಿಯಂ ತಟ್ಟೆ ಎರಡು ಕೊಂಡೆ. ಕಾರು ಹತ್ತುವಾಗ ಬಳೆಯ ಪೊಟ್ಟಣ ಚೀಲದಿಂದ ಇಣುಕಿತು.

"ಬಳಿ ಯಾರಿಗ್ರಿ?"

"ಮೊಮ್ಮಗಳಿಗೆ."

ಅವನು ಪೊಟ್ಟಣ ಎತ್ತಿ ನೋಡಿದ. ಅಳತೆಯ ಕಣ್ಣು ಅವನದು. "ಅಳತಿ ದೊಡ್ಡದಾತಲ್ರಿ."

"ಬೆಳೀತಾಳೆ ಬಿಡು," ಎಂದೆ.

ಅಲ್ಲಿಂದ ಎರಡು ದಿನ ಬರೀ ಜೋಳದ ಹೊಲ, ಆಮೇಲೆ ಬರೀ ಹುಲ್ಲು. ಮೂರನೆಯ ದಿನ ಮುಂದೆ ನೀಲಿ ಗೆರೆ ಕಾಣಿಸಿತು. ಮೋಡ ಎಂದುಕೊಂಡೆ. ಮೋಡ ಸರಿಯಲಿಲ್ಲ. ಅವನು ಕಾರು ನಿಲ್ಲಿಸಿ ಇಳಿದು, ಬಾಗಿಲು ಹಿಡಿದುಕೊಂಡು ನೋಡುತ್ತ ನಿಂತ. ತವರಿಗೆ ಬಂದ ಹೆಂಗಸರು ಹಾಗೆ ನಿಲ್ಲುತ್ತಾರೆ.

ಕೆರೆಯ ಪಕ್ಕ ಟೆಂಟು ಹಾಕಿದೆವು. ಬಂದ ತಕ್ಷಣ ಅವನು ಎಲ್ಲರನ್ನೂ ನಿಲ್ಲಿಸಿ ಕಾನೂನು ಹೇಳಿದ. ಇಲ್ಲಿ ಕರಡಿ ಇವೆ. ತಿನ್ನುವ ಸಾಮಾನು ಒಂದು ಕಾಳೂ ಹೊರಗಿರಬಾರದು, ಎಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ. ಹಲ್ಲುಜ್ಜುವ ಪೇಸ್ಟೂ ಅದರಲ್ಲೇ. ನಾನು ಉಪ್ಪಿನಕಾಯಿ, ಚಟ್ನಿಪುಡಿ, ನನ್ನ ಎಲೆಅಡಿಕೆಯ ಚೀಲ, ಎಲ್ಲವನ್ನೂ ಇಟ್ಟೆ. ಕುಕ್ಕರ್ ಮೂರು ಕೂಗು ಕೂಗಿದಾಗ ಪಕ್ಕದ ಟೆಂಟಿನ ಬಿಳಿಯರು ಎದ್ದು ನಿಂತರು. ಇವನು ಹೋಗಿ ಏನೋ ಹೇಳಿ ಬಂದ. ಅವರು ನಕ್ಕರು.

"ಏನಂದೆ?"

"ಕರಡಿ ಓಡಸೂ ಯಂತ್ರ ಅಂದೇನ್ರಿ."

ಮರುದಿನ ಕೆರೆಯ ಸುತ್ತ ನಡೆಸಿದ. ನಾಲ್ಕು ಮೈಲಿ. ನನಗೆ ಉಸಿರು ಹಿಡಿಯುತ್ತಿತ್ತು. ಅವನು ಅವಸರ ಮಾಡಲಿಲ್ಲ. ನಾನು ನಿಂತಲ್ಲಿ ನಿಂತು, ಹೂವೋ ಕಲ್ಲೋ ತೋರಿಸುತ್ತ, ನನಗಾಗಿ ನಿಂತದ್ದಲ್ಲ ಎನ್ನುವ ಹಾಗೆ ಮಾಡುತ್ತಿದ್ದ. ಹಾಳೆಯಲ್ಲಿದ್ದ ಗುಡ್ಡಗಳೆಲ್ಲ ಸುತ್ತ ಎದ್ದು ನಿಂತಿದ್ದವು. ಬೆಲ್ಲದ ಅಚ್ಚು ನಿಜವಾಗಿ ಬೆಲ್ಲದ ಅಚ್ಚಿನ ಹಾಗೇ ಇತ್ತು. ಎಮ್ಮೆಯ ಬೆನ್ನ ಮೇಲೆ ಜುಲೈಯಲ್ಲೂ ಹಿಮದ ಪಟ್ಟೆ. ಏಳೂ ಗುಡ್ಡ ನೀರಿನೊಳಗೆ ತಲೆಕೆಳಗಾಗಿ ನಿಂತಿದ್ದವು. ಆಳದ ಕಲ್ಲು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿತ್ತು. ಕೆರೆ ದಡ ಮುಟ್ಟಿ ತುಂಬಿತ್ತು. ನಾನು ನಿಜವಾಗಿಯೂ ಸುಮ್ಮನಿದ್ದೆ.

"ಹ್ಯಾಂಗೈತ್ರಿ?" ಎಂದ.

"ನೀರು ಚೆನ್ನಾಗಿದೆ."

"ಮೂರು ದಿನ ಕಾರು ಹೊಡದೇನ್ರಿ. ನೀರು ಚೆನ್ನಾಗಿದೆ!" ಎಂದು ಮೊಮ್ಮಗಳಿಗೆ ಹೇಳಿ ನಕ್ಕ.

ಏಳನೆಯದು ಕೆರೆಯ ಆಚೆ ತುದಿಯಲ್ಲಿತ್ತು. ಬೂದಿ ಬಣ್ಣ, ಮೇಲೆ ಚೂಪು. ಅದರ ಬುಡದಲ್ಲಿ ದಾರಿ ಶುರುವಾಗುವ ಕಡೆ ಒಂದು ಬೋರ್ಡು. ಅಲ್ಲಿ ನಿಂತು ತಲೆಯೆತ್ತಿ ನೋಡಿದ. ಆಮೇಲೆ ಕೈ ಮುಂದೆ ಚಾಚಿ, ಕುರ್ಚಿಯ ಬೆನ್ನು ತಳ್ಳುವ ಹಾಗೆ, ಎರಡು ಬೆರಳಲ್ಲಿ ಗಾಳಿಯಲ್ಲೇ ಅದನ್ನು ತಳ್ಳಿ ನೋಡಿದ. "ಗಟ್ಟಿ ಐತಿ," ಎಂದ. ಒಂದು ದಿನ ಬಿಟ್ಟು ಹತ್ತುವುದು ಎಂದು ನಿಶ್ಚಯವಾಯಿತು.

ನಡುವಿನ ಆ ದಿನ ಬೆಳಗಾಗುತ್ತಿದ್ದಂತೆ ನಾನು ಎದ್ದೆ. ಎಲ್ಲರೂ ಮಲಗಿದ್ದರು. ಪೆಟ್ಟಿಗೆಯಿಂದ ಸಾಮಾನು ತೆಗೆದು, ಕೆರೆಯ ದಡದಲ್ಲಿ ಕೂತು ತಟ್ಟೆ ತುಂಬಿದೆ. ಇನ್ನೊಂದು ತಟ್ಟೆ ಮುಚ್ಚಿದೆ. ಸೆರಗು ಹಿಡಿದು ನೀರಿಗೆ ಬಿಟ್ಟೆ. ನೀರು ಕೈಯನ್ನು ಕಚ್ಚಿತು. ತಟ್ಟೆ ತೇಲಿ ಹೋಯಿತು. ಕೊಟ್ಟ ಮೇಲೆ ತಿರುಗಿ ನೋಡಬಾರದೆಂದು ನಮ್ಮತ್ತೆ ಹೇಳುತ್ತಿದ್ದರು. ನೋಡಲಿಲ್ಲ. ಇಪ್ಪತ್ತನಾಲ್ಕು ವರ್ಷದ ಮೇಲೆ ಕೊಟ್ಟದ್ದು. ಅಳು ಬರಲಿಲ್ಲ. ಹಸಿವಾಯಿತು. ಬಂದು ಉಪ್ಪಿಟ್ಟು ಮಾಡಿದೆ. ಉಳಿದ ರವೆಯನ್ನು ಜ್ಞಾಪಕವಾಗಿ ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಚಿಲಕ ಹಾಕಿದೆ.

ಅದರ ಮರುದಿನ ಆರು ಗಂಟೆಗೆ ಅವನು ಚೀಲ ಬೆನ್ನಿಗೆ ಹಾಕಿದ. ಪುಳಿಯೋಗರೆ ಕಟ್ಟಿಕೊಟ್ಟೆ. ಬುಡದವರೆಗೆ ಬಿಟ್ಟು ಬರುತ್ತೇವೆಂದು ಅಳಿಯನೂ ಮೊಮ್ಮಗಳೂ ಹೊರಟರು. ಅಳಿಯನಿಗೆ ತಲೆನೋವು ಬಂದು ಅರ್ಧದಾರಿಯಿಂದ ತಿರುಗಿದ. ಒಂದೂವರೆ ಗಂಟೆಯಾದ ಮೇಲೆ ನೋಡುತ್ತೇನೆ, ಅವನು ಮೊಮ್ಮಗಳ ಕೈಹಿಡಿದುಕೊಂಡು ವಾಪಸ್ಸು ಬರುತ್ತಿದ್ದಾನೆ. ಚೀಲ ಇಳಿಸಿದ. ಪುಳಿಯೋಗರೆ ಹಾಗೇ ಇತ್ತು.

"ಏನಾಯ್ತೋ?"

"ಮ್ಯಾಲ ಹಿಮಾ ಭಾಳ ಐತ್ರಿ. ಹೋಗೂದು ಬ್ಯಾಡ."

"ಹಿಮವಾ? ಆರು ವರ್ಷ ಇರದ ಹಿಮ ಇವತ್ತು ಬಂತಾ?"

"ಹೌದ್ರಿ. ಅಂಜಿಕಿ ಬಂತು."

"ಅಯ್ಯೋ ನಿನ್ನ ಗಂಡಸುತನಕ್ಕಿಷ್ಟು! ಇದನ್ನ ನೋಡೋಕೆ ನನ್ನ ಮೂಳೆ ಮುರಿಸಿಕೊಂಡು ಬಂದೆನಾ?"

"ಇರಲಿ ಬಿಡ್ರಿ ಅವ್ವಾರ. ಗುಡ್ಡ ಎಲ್ಲಿಗೂ ಹೋಗೂದಿಲ್ಲ."

ಆವತ್ತೇ ಟೆಂಟು ಕಿತ್ತೆವು. ಇನ್ನೂ ಮೂರು ದಿನ ಇದೆಯಲ್ಲ ಎಂದು ಅಳಿಯ ಕೇಳಿದ್ದಕ್ಕೆ, ನಿಮ್ಮ ತಲೆನೋವಿಗೆ ಕೆಳಗೆ ಇಳಿಯುವುದೇ ಔಷಧಿ ಎಂದ. ಮೊಮ್ಮಗಳು ಕಾರಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಹೊಟ್ಟೆ ಕೆಟ್ಟಿದೆ ಎಂದುಕೊಂಡು ಓಮಿನ ಕಾಳು ಕೊಟ್ಟೆ. ದಾರಿಯುದ್ದಕ್ಕೂ ನಾನು ಅವನನ್ನು ಬಿಡಲಿಲ್ಲ. ಐಸ್‌ಕ್ರೀಮ್ ಅಂಗಡಿ ಬಂದರೆ, "ನಿಲ್ಲಿಸಬೇಡಪ್ಪ, ಒಳಗೆ ತಣ್ಣಗಿರುತ್ತೆ, ಹೆದರ್ಕೋತೀಯ," ಎಂದೆ. ಅವನು ನಕ್ಕ.

ಊರಿಗೆ ಹೊರಡುವ ವಾರ ರಾಚೆಸ್ಟರ್ ಹಿಲ್ಸ್‌ನಲ್ಲಿ ಒಬ್ಬರ ಮನೆಯಲ್ಲಿ ಬೀಳ್ಕೊಡುಗೆಯ ಊಟ. ಮೂವತ್ತು ನಲವತ್ತು ಜನ ಇದ್ದರು. ಕೆಲಸ ಹೋದವರೇ ಅರ್ಧ. ಎಲ್ಲರ ಮುಖವೂ ಬಾಡಿತ್ತು. ನಗಿಸಬೇಕೆಂದು ನಾನು ಆ ಕಥೆ ತೆಗೆದೆ. ಹೀರೋ ಹೊರಟ, ಬೂಟು ಕಟ್ಟಿದ, ಕೋಲು ಹಿಡಿದ, ಹಿಮ ಕಂಡ, ಕೂಸಿನ ಕೈಹಿಡಿದು ಓಡಿಬಂದ. ಜನ ಹೊಟ್ಟೆ ಹಿಡಿದುಕೊಂಡರು. ಯಾರೋ ಒಳಗೆ ಹೋಗಿ ಒಂದು ಉಣ್ಣೆಯ ಮಫ್ಲರ್ ತಂದು, "ಧಾರವಾಡದ ಹಿಮಕ್ಕೆ ಬೇಕಾಗುತ್ತೆ" ಎಂದು ಅವನ ಕೊರಳಿಗೆ ಸುತ್ತಿದರು. ಜುಲೈ ತಿಂಗಳು. ಅವನು ಅದನ್ನು ಸುತ್ತಿಕೊಂಡೇ, ಗೋಡೆಗೆ ಒರಗಿ, ನಿಂತು ಉಂಡ. ಮೊಮ್ಮಗಳು ತಟ್ಟೆ ಬಿಟ್ಟು ಎದ್ದು ಹೊರಗೆ ಹೋದಳು. ಈಗಿನ ಮಕ್ಕಳಿಗೆ ಊಟದ ಶಿಸ್ತಿಲ್ಲ ಎಂದು ಬೈದೆ.

ಹಿಮದಲ್ಲಿ ಎರಡೂವರೆ ಮೈಲಿ ನಡೆದು ಆಫೀಸಿಗೆ ಹೋಗುತ್ತಿದ್ದವನು ಹಿಮಕ್ಕೆ ಹೆದರುತ್ತಾನೆಯೇ? ಅಷ್ಟು ಜನ ನಕ್ಕೆವು. ಒಬ್ಬರಿಗೂ ಈ ಪ್ರಶ್ನೆ ಬರಲಿಲ್ಲ. ನನಗೂ ಬರಲಿಲ್ಲ.

ಹೋಗುವ ದಿನ ಆ ಹಾಳೆಯನ್ನು ನಮ್ಮ ಫ್ರಿಜ್ಜಿಗೆ ಅಂಟಿಸಿ ಹೋದ. ಧಾರವಾಡದಲ್ಲಿ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದನಂತೆ. ವರ್ಷಕ್ಕೊಮ್ಮೆ ಫೋನು ಮಾಡಿದರೆ ಮೊದಲ ಮಾತು, "ಅವ್ವಾರ, ಕುರ್ಚಿ ಅಲ್ಲಾಡತೈತೇನ್ರಿ?" ನನ್ನ ಮೊದಲ ಮಾತು, "ಹಿಮ ಬಿತ್ತೇನೋ ಧಾರವಾಡದಲ್ಲಿ?" ಹದಿನಾಲ್ಕು ವರ್ಷ ಹೀಗೇ.

ಸುದ್ದಿ ಬಂದ ಮೂರನೆಯ ದಿನ ಮೊಮ್ಮಗಳು ಷಿಕಾಗೋದಿಂದ ಬಂದಳು. ಅಲ್ಲಿ ಕೆಲಸದಲ್ಲಿದ್ದಾಳೆ. ನಾನು ಅಭ್ಯಾಸದಂತೆ, "ಪಾಪ, ಹಿಮಕ್ಕೆ ಹೆದರಿದ್ದೋನು ಸಾವಿಗೆ ಹೇಗೆ ಹೋದನೋ," ಎಂದೆ. ಅವಳು ಚೀಲ ನೆಲಕ್ಕೆ ಹಾಕಿದಳು.

"ಸ್ಟಾಪ್ ಇಟ್, ಅಜ್ಜಿ. ಸ್ನೋ ಅಲ್ಲ. ಸ್ನೋ ಇರಲೇ ಇಲ್ಲ."

"ಮತ್ತೇನು?"

"ಕರಡಿ. ಬೋರ್ಡ್ ಮೇಲೆ ನೋಟಿಸ್ ಇತ್ತು, ನಾನೇ ಓದಿದೆ. ಟ್ರೇಲ್ ಕ್ಲೋಸ್ಡ್, ಒಂದು ವಾರ ಯಾರೂ ಹೋಗಬಾರದು ಅಂತ. ಯಾರೋ ಅಲ್ಲಿ ಫುಡ್ ಬಿಟ್ಟಿದ್ರು, ಕರಡಿ ಬಂದು ತಿಂದು ಅಲ್ಲೇ ಕೂತಿದೆ ಅಂತ. ರೇಂಜರ್ ಕೈಯಲ್ಲಿ ಅಲ್ಯೂಮಿನಿಯಂ ಟ್ರೇ ಇತ್ತು ಅಜ್ಜಿ. ಕುಂಕುಮ ಇತ್ತು. ಬ್ಯಾಂಗಲ್ಸ್ ಇತ್ತು."

ಗಾಳಿ ನನ್ನ ತಟ್ಟೆಯನ್ನು ಕೆರೆಯ ಆಚೆ ದಡಕ್ಕೆ ಒಯ್ದಿತ್ತು. ಏಳನೆಯ ಗುಡ್ಡದ ಬುಡಕ್ಕೆ. ಪೇಸ್ಟನ್ನೂ ಪೆಟ್ಟಿಗೆಯೊಳಗೆ ಇಟ್ಟವಳು ನಾನು. ಬಾಗಿನ ತಿನ್ನುವ ಸಾಮಾನೆಂದು ನನಗೆ ಅನ್ನಿಸಲೇ ಇಲ್ಲ. ಅದು ಕೊಟ್ಟದ್ದು. ಕೊಟ್ಟದ್ದು ಊಟ ಹೇಗಾಗುತ್ತದೆ?

"ಅವನು ಏನಂದ?" ಎಂದೆ.

"ಮೈ ಫುಡ್, ಮೈ ಮಿಸ್ಟೇಕ್ ಅಂದ್ರು. ರೇಂಜರ್ ತುಂಬ ಬೈದ. ಇವತ್ತೇ ಕ್ಯಾಂಪ್ ಖಾಲಿ ಮಾಡಿ ಅಂದ. ಅಂಕಲ್ ಸಾರಿ, ಸಾರಿ ಅಂತಿದ್ರು. ಆಮೇಲೆ ನನ್ನ ಹತ್ರ ಪ್ರಾಮಿಸ್ ತಗೊಂಡ್ರು."

"ಏನಂತ?"

ಅವಳು ಅವನ ಹಾಗೇ ಹೇಳಲು ನೋಡಿದಳು. ಅವಳ ಕನ್ನಡ ಅಷ್ಟಕ್ಕಷ್ಟೆ, ಆದರೆ ಆ ಮಾತು ಮಾತ್ರ ಸ್ವಚ್ಛವಾಗಿ ಬಂತು. ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದಳೋ. "'ನಿಮ್ಮಜ್ಜಿ ಭಾಳ ವರ್ಷ ಕಾದು ಕೊಟ್ಟಾರ ತಂಗಿ. ಅದು ತಪ್ಪಾತು ಅಂತ ಅವರಿಗೆ ಯಾವತ್ತೂ ತಿಳೀಬಾರದು.' ಹಾಗಂದ್ರು."

ಕರಡಿ ಏನಾಯಿತು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಗೊತ್ತಿತ್ತೋ ಏನೋ. ಬಾಯಿ ಬಿಡದಿರುವುದನ್ನು ಅವಳು ಅವನಿಂದ ಕಲಿತಿದ್ದಾಳೆ.

ಆಮೇಲೆ ಅಂಗಿಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿದಳು. ನಾಲ್ಕು ಹಸಿರು ಗಾಜಿನ ಬಳೆ. ಒಡೆಯದೆ ಉಳಿದವು ಅಷ್ಟೇ ಅಂತೆ. ರೇಂಜರನ ಕೈಯಿಂದ ಕೇಳಿ ಇಸಕೊಂಡು ಅವಳ ಜೇಬಿಗೆ ಹಾಕಿದ್ದನಂತೆ, ಕೈ ದೊಡ್ಡದಾದ ಮೇಲೆ ಹಾಕಿಕೋ ಎಂದು. ಅಳತೆ ಈಗ ಸರಿಯಾಗಿತ್ತು.

ನಾನು ಅಕ್ಕನ ಮನೆಗೆ ಫೋನು ಮಾಡಿಸಿದೆ. ಯಾರೆಂದು ಹೇಳಿದೆ. ಆಕೆಗೆ ಗೊತ್ತಿತ್ತು.

"ರೊಟ್ಟಿ ಅವ್ವಾರಲ್ರಿ? ಭಾಳ ನೆನಸತಿದ್ದ. ಕಡೀತನಕ ಅದೊಂದು ಕತಿ ಹೇಳಿ ನಗಸತಿದ್ದ ನೋಡ್ರಿ. ಹಿಮಾ ನೋಡಿ ಅಂಜಿ ಓಡಿ ಬಂದೇನಿ, ಅವ್ವಾರ ಮೂರು ದಿನ ಬೈದ್ರು ಅಂತ. ಮಲಗಿದಾಗೂ ಹೇಳಿದ."

"ಇಲ್ಲಮ್ಮ," ಎಂದೆ. "ಅವನು ಹೆದರಿರಲಿಲ್ಲ."

ಎಲ್ಲ ಹೇಳಿದೆ. ಬಾಗಿನ ಕೊಟ್ಟದ್ದು, ಯಾರು ಕೊಟ್ಟದ್ದು, ಅವನು ಏನಂದ, ನಾನು ಊರೆಲ್ಲ ಏನೆಂದು ಹರಡಿದೆ, ಎಲ್ಲ. ಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಕೇಳಲಿ ಎಂದೇ ಹೇಳಿದೆ. ಆ ಕಡೆ ಆಕೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಒಂದಕ್ಕ ನನ್ನ ಹೆಸರು ಇಟ್ಟಾನಂತಲ್ರಿ. ಆ ಕಡೀದಕ್ಕ ಏನು ಹೆಸರಿಟ್ಟ?"

ನಾನು ಫ್ರಿಜ್ಜಿನ ಕಡೆ ನೋಡಿದೆ. ಅವನು ಬೆನ್ನು ಕೊಟ್ಟು ನಿಲ್ಲುತ್ತಿದ್ದ ಜಾಗದಲ್ಲೇ ಹಾಳೆ ಇತ್ತು. ಸೀಸದ ಕಡ್ಡಿಯ ಗೆರೆ ಮಾಸಿದೆ. ಆರು ಹೆಸರು ಇನ್ನೂ ಓದಲು ಬರುತ್ತವೆ.

"ಇಟ್ಟಿಲ್ಲಮ್ಮ," ಎಂದೆ.